ಎಡಗಾಲಿನಲ್ಲಿ ಬೀಡುಬಿಟ್ಟ ರಕ್ತದ ಗಂಟಿಗೆ, ತಾವು ಕಳಿಸಿದ ಸಣ್ಣ ಜ್ವರದ ವಿಷಯವಾಗಿ

ಇವರಿಗೆ,
ಹೆಪ್ಪುಗಟ್ಟಿದ ರಕ್ತದ ಗಂಟಿನವರು,
ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗೆ, ಒಳಗಿನ ರಕ್ತನಾಳ,
ಎಡಗಾಲು.

ಮಾನ್ಯರೇ,

ಮುಖ್ಯ ಬೀದಿಯಲ್ಲಿ ಮೂವತ್ತೊಂದು ವರ್ಷಗಳಿಂದ ಅಂಗಡಿ ಇಟ್ಟುಕೊಂಡು ಪ್ಯಾಂಟು, ಅಂಗಿ, ಶಾಲೆಯ ಸಮವಸ್ತ್ರ ಹೊಲಿಯುತ್ತಿರುವ ದರ್ಜಿಯೂ, ತಾವು ಸದ್ಯ ವಾಸವಾಗಿರುವ ಕಾಲಿನ ಮಾಲೀಕನೂ ಆದ ನಾನು ತಮ್ಮ ಸನ್ನಿಧಿಯಲ್ಲಿ ಕೈಜೋಡಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮ. ತಾವೂ ಕ್ಷೇಮವೇ ಎಂದು ಕೇಳುವುದು ವಾಡಿಕೆಯಾದರೂ, ತಾವು ಕ್ಷೇಮವಾಗಿದ್ದಷ್ಟು ದಿನ ನಾನು ಕ್ಷೇಮವಾಗಿರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿರುವುದರಿಂದ, ಆ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಮೊದಲಿಗೆ ತಾವು ಜಾಗ ಆರಿಸಿಕೊಂಡ ಜಾಣತನವನ್ನು ಮೆಚ್ಚಲೇಬೇಕು. ಆರು ತಿಂಗಳ ಹಿಂದೆ ನನ್ನ ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿದೆ. ಅಲ್ಲಿಯವರೆಗೆ ಎರಡೂ ಕಾಲಿನಿಂದ ತುಳಿಯುತ್ತಿದ್ದವನಿಗೆ ಆಮೇಲೆ ಬಲಗಾಲಿನ ಹೆಬ್ಬೆರಳಿಗೆ ಮಾತ್ರ ಉದ್ಯೋಗ ಉಳಿದು, ಎಡಗಾಲು ನಿವೃತ್ತ ಗುಮಾಸ್ತನ ಹಾಗೆ ಮೇಜಿನ ಕೆಳಗೆ ಸುಮ್ಮನೆ ಕೂತಿತು. ಶಾಲೆ ತೆರೆಯುವ ಮುಂಚೆ ನೂರ ನಲವತ್ತು ಸಮವಸ್ತ್ರ ಮುಗಿಸಿ ಕೊಡುತ್ತೇನೆಂದು ಒಪ್ಪಿಕೊಂಡ ನಾನು ಮೂರು ವಾರ ಬೆಳಗ್ಗೆ ಎಂಟಕ್ಕೆ ಕೂತರೆ ಸಂಜೆವರೆಗೆ ಏಳುತ್ತಿರಲಿಲ್ಲ. ನೀರು ಕುಡಿದರೆ ಏಳಬೇಕಾಗುತ್ತದೆಂದು ನೀರನ್ನೂ ಕುಡಿಯುತ್ತಿರಲಿಲ್ಲ. ಹೀಗೆ ಹರಿಯಲು ಬೇಸರಪಟ್ಟ ರಕ್ತದಲ್ಲಿ ತಾವು, ಯಾರ ಅಪ್ಪಣೆಯನ್ನೂ ಕೇಳದೆ, ಮನೆ ಕಟ್ಟಿಕೊಂಡಿರಿ.

ಬಂದವರು ಬಂದಿದ್ದೇವೆಂದು ತಿಳಿಸಬೇಕಲ್ಲವೇ? ತಾವು ತಿಳಿಸಿಯೇ ಇಲ್ಲ ಎಂದರೆ ನನ್ನ ಬಾಯಿಗೆ ಹುಳ ಬೀಳಲಿ. ತಿಳಿಸಿದಿರಿ. ಆದರೆ ಎಂಥ ದೂತನ ಕೈಯಲ್ಲಿ! ನೂರರ ಗೆರೆ ದಾಟಿ ಎರಡು ಗೆರೆ ಏರುವುದಕ್ಕೂ ನಾಚಿಕೊಳ್ಳುವ ಒಂದು ಬಡಪಾಯಿ ಜ್ವರ. ಜೊತೆಗೆ ಕೆಮ್ಮಿಲ್ಲ, ನೆಗಡಿಯಿಲ್ಲ, ಗಂಟಲು ನೋವಿಲ್ಲ, ನಡುಕವಿಲ್ಲ. ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾಗಿ, ಈಗ ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಥರ್ಮಾಮೀಟರು ಸಿಕ್ಕಿಸಿಕೊಂಡು ಓಡಾಡುವ ನನ್ನ ಅಕ್ಕನ ಗಂಡ, ಅಂದರೆ ನನ್ನ ಭಾವ, ತಮ್ಮ ದೂತನನ್ನು ಬೆಳಕಿಗೆ ಹಿಡಿದು ನೋಡಿ, ಇದು ಆಯಾಸದ ಜ್ವರ, ಐದು ದಿನ ಮಂಚದಿಂದ ಕೆಳಗಿಳಿಯಕೂಡದು ಎಂದು ತೀರ್ಪು ಕೊಟ್ಟರು. ಹೊತ್ತು ಹೊತ್ತಿಗೆ ಮಾತ್ರೆ ನುಂಗಿಸಿದರು. ಮಾತ್ರೆಗೆ ಜ್ವರ ಇಳಿಯುತ್ತಿತ್ತು, ಭಾವ ಹಿಗ್ಗುತ್ತಿದ್ದರು, ಸಂಜೆಗೆ ಜ್ವರ ಮತ್ತೆ ಬರುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎನ್ನುವ ಗಾದೆಯನ್ನು ನಾವು ಇಷ್ಟು ಅಚ್ಚುಕಟ್ಟಾಗಿ ಪಾಲಿಸುತ್ತೇವೆಂದು ಯಾರಿಗೆ ಗೊತ್ತಿತ್ತು? ಕಾಲಿನ ಕಷ್ಟಕ್ಕೆ ನನ್ನ ಹಣೆಯ ಮೇಲೆ ಐದು ದಿನ ಒದ್ದೆ ಬಟ್ಟೆ ಇತ್ತು.

ಇನ್ನು ನನ್ನ ಸ್ವಂತ ಬುದ್ಧಿವಂತಿಕೆಯ ಮಾತಿಗೆ ಬರುತ್ತೇನೆ. ಇದನ್ನು ಬರೆಯುವಾಗ ತಲೆ ತಗ್ಗಿಸಿಕೊಂಡೇ ಬರೆಯುತ್ತಿದ್ದೇನೆ. ಮಲಗಿದ ಎರಡನೆಯ ದಿನ ಪೈಜಾಮದ ಎಡಗಾಲು ಬಿಗಿಯಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ, ನಾನು ಹೆಂಡತಿಯನ್ನು ಕರೆದು, ಬಿಸಿನೀರಿನಲ್ಲಿ ನೆನೆಹಾಕಿ ಬಟ್ಟೆ ಕುಗ್ಗಿಸಿಬಿಟ್ಟೆಯಲ್ಲ ಎಂದು ರೇಗಿದೆ. ಮಂಚದ ಮೇಲೆ ಕೂತೇ ಹೊಲಿಗೆ ಬಿಚ್ಚಿ ಅರ್ಧ ಇಂಚು ಸಡಿಲ ಮಾಡಿಕೊಂಡೆ. ಮರುದಿನ ಅದೂ ಬಿಗಿಯಾಯಿತು, ಇನ್ನೊಂದರ ಹೊಲಿಗೆ ಬಿಚ್ಚಿದೆ. ನಾಲ್ಕನೆಯ ದಿನಕ್ಕೆ ಮನೆಯಲ್ಲಿದ್ದ ಮೂರೂ ಪೈಜಾಮಗಳ ಎಡಗಾಲನ್ನು ತಮ್ಮ ಅನುಕೂಲಕ್ಕೆ ತಕ್ಕ ಹಾಗೆ ಅಗಲ ಮಾಡಿಕೊಟ್ಟಿದ್ದೆ. ಒಂದೇ ಕಾಲು ಕುಗ್ಗುವ ಬಟ್ಟೆಯನ್ನು ಯಾವ ಗಿರಣಿಯೂ ನೇಯುವುದಿಲ್ಲ ಎಂದು ಮೂವತ್ತೊಂದು ವರ್ಷದ ಅನುಭವ ನನಗೆ ಹೇಳಬೇಕಿತ್ತು. ಅದೂ ಜ್ವರ ಬಂದು ಮಲಗಿತ್ತೆಂದು ಕಾಣುತ್ತದೆ.

ಐದನೆಯ ದಿನ ಬೆಳಗ್ಗೆ ಮೀನಖಂಡ ನೋಯುತ್ತಿದೆ ಎಂದೆ. ಸ್ನಾಯು ಹಿಡಿದಿದೆ, ಗಟ್ಟಿಯಾಗಿ ತಿಕ್ಕಿದರೆ ಬಿಡುತ್ತದೆ ಎಂದು ಭಾವ ಎಣ್ಣೆಯ ಬಟ್ಟಲು ಹಿಡಿದು ಅಂಗಿಯ ತೋಳು ಮಡಚಿಕೊಂಡು ಬಂದರು. ಅದೇ ಹೊತ್ತಿಗೆ ನನ್ನ ಹೆಂಡತಿ ಹಗ್ಗದ ಮೇಲಿಂದ ಒಣಗಿದ ಪೈಜಾಮಗಳನ್ನು ತಂದು ಮಡಚಲು ಕೂತವಳು, ಮೂರನ್ನೂ ಒಂದರ ಪಕ್ಕ ಒಂದು ಹಾಸಿ ನೋಡಿ, ಎದ್ದು ನನ್ನ ಅಳತೆ ಟೇಪು ತಂದಳು. ಅಂಗಡಿಯಲ್ಲಿ ಗುಂಡಿ ಹಾಕುವುದು, ಅಂಚು ಮಡಿಸುವುದು ಅವಳ ಕೆಲಸ; ಟೇಪನ್ನು ನಾನು ಅವಳ ಕೈಗೆ ಎಂದೂ ಕೊಟ್ಟವನಲ್ಲ. ಅವಳು ಎರಡೂ ಕಾಲಿಗೆ ಟೇಪು ಸುತ್ತಿದಳು. ಬಲ ಹದಿನಾಲ್ಕೂವರೆ, ಎಡ ಹದಿನಾರೂಮುಕ್ಕಾಲು.

“ಬಟ್ಟೆ ಕುಗ್ಗಿಲ್ಲ ರೀ,” ಎಂದಳು. “ಕಾಲು ದಪ್ಪ ಆಗಿದೆ. ಏಳಿ, ಆಸ್ಪತ್ರೆಗೆ ಹೋಗೋಣ.”

ಭಾವ ಎಣ್ಣೆಯ ಬಟ್ಟಲು ಕೆಳಗಿಟ್ಟರು. ಆಸ್ಪತ್ರೆಯಲ್ಲಿ ನಮ್ಮ ಮಗಳ ವಯಸ್ಸಿನ ಡಾಕ್ಟರಮ್ಮ ಕಾಲಿಗೆ ತಣ್ಣನೆಯ ಅಂಟು ಹಚ್ಚಿ, ಅದರ ಮೇಲೆ ಯಂತ್ರ ಆಡಿಸಿ, ತಮ್ಮ ದಿವ್ಯರೂಪವನ್ನು ಪರದೆಯ ಮೇಲೆ ತೋರಿಸಿದರು. ರಕ್ತ ಹೆಪ್ಪುಗಟ್ಟಿದ ಜಾಗದಲ್ಲಿ ಸುತ್ತಲೂ ಉರಿಯೂತ ಏಳುತ್ತದೆ, ಕೆಲವರಲ್ಲಿ ಅದರ ಕಾವು ಸಣ್ಣ ಜ್ವರವಾಗಿ ಹೊರಗೆ ಕಾಣುತ್ತದೆ, ಕಾರಣ ತಿಳಿಯದ ಜ್ವರಕ್ಕೆ ಕಾಲನ್ನೂ ಒಮ್ಮೆ ನೋಡಬೇಕು ಎಂದು ವಿವರಿಸಿದರು. ಅಂದರೆ ಜ್ವರ ಬಂತೆಂದು ನಾನು ಮಲಗಿದೆ, ನಾನು ಮಲಗಿದೆನೆಂದು ತಾವು ಬೆಳೆದಿರಿ, ತಾವು ಬೆಳೆದಿರೆಂದು ಜ್ವರ ಉಳಿಯಿತು. ಇಷ್ಟು ಒಗ್ಗಟ್ಟಿನಿಂದ ಕೆಲಸ ಮಾಡುವ ಕುಟುಂಬವನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಎಣ್ಣೆ ತಿಕ್ಕುವುದೊಂದು ಆಗಲಿಲ್ಲವಲ್ಲ, ಪುಣ್ಯ ಎಂದರು ಡಾಕ್ಟರಮ್ಮ. ಯಾಕೆಂದು ಹೆಂಡತಿ ಕೇಳಿದಾಗ ಅವರು ಮುಚ್ಚಿಡಲಿಲ್ಲ.

“ಇದು ಅಲ್ಲೇ ಇದ್ದರೆ ನಿಧಾನಕ್ಕೆ ಕರಗುತ್ತೆ, ಅಮ್ಮಾ. ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.”

ಅಲ್ಲಿಂದ ನನ್ನನ್ನು ಗಾಲಿಮಂಚದ ಮೇಲೆ ವಾರ್ಡಿಗೆ ತಳ್ಳಿಕೊಂಡು ಹೋಗುವಾಗ ಹೆಂಡತಿ ನನ್ನ ಎಡ ಮೊಣಕಾಲಿನ ಮೇಲ್ಭಾಗವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡು ಜೊತೆಗೇ ಓಡುತ್ತಿದ್ದಳು. ನರ್ಸಮ್ಮ ಏನಮ್ಮಾ ಇದು ಎಂದು ಕೇಳಿದರೆ, ಮೇಲೆ ಹೋಗದ ಹಾಗೆ ತಡೆದಿದ್ದೇನೆ ಎಂದಳು. ಹಾಗೆ ಅದುಮಬಾರದು ಎಂದು ಅವರು ಒಂದೊಂದೇ ಬೆರಳು ಬಿಡಿಸಬೇಕಾಯಿತು. ಆ ದಿನ ನನಗೆ ನಗು ಬರಲಿಲ್ಲ, ಭಯವೇ ಆಗಿತ್ತು.

ಈಗ ಎರಡೂವರೆ ತಿಂಗಳಾಯಿತು. ರಕ್ತ ತೆಳುವಾಗಿಸುವ ಮಾತ್ರೆಯ ದೆಸೆಯಿಂದ ಬೆರಳಿಗೆ ಸೂಜಿ ತಾಕಿದರೆ ಹೊಲಿಯುತ್ತಿರುವ ಬಿಳಿ ಅಂಗಿಯೇ ಹಾಳು. ಗಂಟೆಗೊಮ್ಮೆ ಎದ್ದು ಅಂಗಡಿಯ ಮುಂದೆ ನಾಲ್ಕು ಸುತ್ತು ನಡೆಯುತ್ತೇನೆ, ಗಿರಾಕಿಗಳು ಯಾರಿಗೆ ಕಾಯುತ್ತಿದ್ದೀರಿ ಎನ್ನುತ್ತಾರೆ. ಈ ಸಂದರ್ಭದಲ್ಲಿ ತಮ್ಮಲ್ಲಿ ನನ್ನ ವಿನಂತಿಗಳು ಬಹಳವಿಲ್ಲ. ಮುಂದೆ ಎಂದಾದರೂ ಯಾರ ಕಾಲಿಗಾದರೂ ದಯಮಾಡಿಸುವ ಮನಸ್ಸಾದರೆ, ನಮ್ಮ ಭಾವನಂಥವರೂ ಎದ್ದು ನಿಂತು ನಮಸ್ಕರಿಸುವಂಥ ಗಂಭೀರ ಜ್ವರವನ್ನು, ಅದರ ಕೈಯಲ್ಲಿ ತಮ್ಮ ಪೂರ್ಣ ವಿಳಾಸ ಬರೆದ ಚೀಟಿಯನ್ನೂ ಕೊಟ್ಟು ಕಳಿಸಬೇಕು. ಬರುವ ಒಂದು ತಿಂಗಳ ಮೊದಲೇ ನೋಟಿಸು ಅಂಟಿಸಿದರೆ ಇನ್ನೂ ಉತ್ತಮ. ಮೇಲಿನ ಮಹಡಿಯಲ್ಲಿ, ಅಂದರೆ ಎದೆಯಲ್ಲಿ, ಗಾಳಿ ಬೆಳಕು ಚೆನ್ನಾಗಿದೆಯೆಂದು ಯಾರಾದರೂ ತಮ್ಮ ಕಿವಿಯೂದಿದ್ದರೆ ದಯವಿಟ್ಟು ನಂಬಬೇಡಿ. ಇದ್ದಲ್ಲೇ ಇದ್ದು, ಮಾತ್ರೆಗೆ ಮರ್ಯಾದೆ ಕೊಟ್ಟು, ದಿನಕ್ಕಿಷ್ಟು ಕರಗಿ, ಯಾರಿಗೂ ಹೇಳದೆ ಹೊರಟುಹೋಗಿ. ಬೀಳ್ಕೊಡುಗೆ ಸಮಾರಂಭ ಇಲ್ಲವೆಂದು ಬೇಸರಿಸಬೇಡಿ. ನನಗೆ ಇನ್ನೂ ಕೆಲವು ವರ್ಷ ಇವಳ ಜೊತೆ ಜಗಳವಾಡುವ ಆಸೆಯಿದೆ.

ಸೋಮವಾರ ಮತ್ತೆ ಸ್ಕ್ಯಾನ್ ಇದೆ. ಆ ದಿನ ತಮ್ಮ ದರ್ಶನಭಾಗ್ಯ ತಪ್ಪಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಕಾಲಿನ ಮಾಲೀಕ

ತಾ.ಕ.: ಇವರು ಮಾತ್ರೆ ನುಂಗಲು ಒಳಗೆ ಹೋಗಿದ್ದಾರೆ, ಅಷ್ಟರಲ್ಲಿ ಇವರ ಹೆಂಡತಿ ಬರೆಯುತ್ತಿದ್ದೇನೆ. ಇವರು ನಿನಗೆ ‘ಮಾನ್ಯರೇ’ ಎಂದಿದ್ದಾರೆ, ನಾನು ಅನ್ನುವುದಿಲ್ಲ. ಇವರಿಗೆ ಹೆದರಿಕೆಯಾದಾಗಲೆಲ್ಲ ತಮಾಷೆ ಜಾಸ್ತಿ, ಮದುವೆಯಾದಾಗಿನಿಂದ ನೋಡುತ್ತಿದ್ದೇನೆ. ಈ ಕಾಗದ ಇಷ್ಟು ಉದ್ದವಾಗಿರುವುದನ್ನು ನೋಡಿದರೆ ಎಷ್ಟು ಹೆದರಿದ್ದಾರೆಂದು ನನಗೆ ಗೊತ್ತಾಗುತ್ತದೆ. ನಾನು ತಮಾಷೆಗೆ ಬರೆಯುತ್ತಿಲ್ಲ. ಸೋಮವಾರದೊಳಗೆ ಹೋಗು.