ಅಕಾರಾದಿ ಕಾರು

ಗ್ರಂಥಪಾಲರು ನಿವೃತ್ತರಾಗಿ ಹನ್ನೊಂದೇ ದಿನವಾಗಿತ್ತು. ಅಷ್ಟರಲ್ಲಿ ಮನೆಯವರಿಗೆಲ್ಲ (ಮನೆಯವರೆಂದರೆ ಶ್ರೀಮತಿಯವರು ಒಬ್ಬರೇ) ಸಾಕುಸಾಕಾಗಿ ಹೋಗಿತ್ತು. ಮೂವತ್ತನಾಲ್ಕು ವರ್ಷ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿದ ಕೈ, ಸುಮ್ಮನಿರು ಎಂದರೆ ಇರುತ್ತದೆಯೇ? ಮೊದಲನೆಯ ವಾರ ಚಪ್ಪಲಿಗಳಿಗೆ ನಂಬರು ಬಿತ್ತು. ಎರಡನೆಯ ವಾರ ಅಡುಗೆಮನೆಗೆ ದಂಡೆತ್ತಿ ಹೋಗಿ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಅಕಾರಾದಿ ಕ್ರಮದಲ್ಲಿ ಜೋಡಿಸಿಟ್ಟರು. ಸಕ್ಕರೆಯ ಪಕ್ಕದಲ್ಲಿ ಸಾಬೂನು ಪುಡಿ ಬಂದು ಕೂತಿತು. ಶಾಸ್ತ್ರದ ಪ್ರಕಾರ ಅದರಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಆದರೆ ಶ್ರೀಮತಿಯವರಿಗೆ ಅರ್ಧ ನಿದ್ದೆಯಲ್ಲೇ ಟೀ ಮಾಡುವ ಅಭ್ಯಾಸ. ಮರುದಿನ ಬೆಳಿಗ್ಗೆ ಗ್ರಂಥಪಾಲರು ಒಂದು ಗುಟುಕು ಕುಡಿದು ಬಾಯಿ ತೆರೆದಾಗ ಮಾತಿಗೆ ಮುಂಚೆ ಒಂದು ಗುಳ್ಳೆ ಹೊರಗೆ ಬಂತು.

"ಇನ್ನು ಮೇಲೆ ಅಡುಗೆಮನೆ ಕಡೆ ತಲೆ ಹಾಕಬೇಡಿ," ಎಂದರು ಶ್ರೀಮತಿಯವರು, ಲೋಟ ಕಿತ್ತುಕೊಂಡು. "ಕೈ ಅಷ್ಟೊಂದು ಕೆರೀತಿದ್ರೆ ಶೆಡ್ಡಿಗೆ ಹೋಗಿ. ಅಪ್ಪನ ಕಾರು ಆರು ವರ್ಷದಿಂದ ಧೂಳು ತಿಂತಾ ನಿಂತಿದೆ. ಅದನ್ನಾದ್ರೂ ಓಡೋ ಹಾಗೆ ಮಾಡಿ, ಪುಣ್ಯ ಬರುತ್ತೆ."

ಮಾವನ ಕಾರು ಎಂದರೆ ಸಾಮಾನ್ಯದ್ದಲ್ಲ. ಅರ್ಧ ಶತಮಾನದ ಹಿಂದಿನದು, ಮೈಯೆಲ್ಲ ಗುಂಡಗೆ, ಬಣ್ಣ ಮಾಸಿದ ಹಸಿರು, ಊಟ ಮುಗಿಸಿ ಕೂತ ಯಜಮಾನನ ಗತ್ತು. ಮಾವ ಬದುಕಿದ್ದಾಗ ಮೊದಲು ಅದಕ್ಕೆ ಸ್ನಾನ, ಆಮೇಲೆ ತಮಗೆ. ಅವರು ಹೋದ ಮೇಲೆ ಕಾರು ಮಗಳ ಮನೆಯ ಶೆಡ್ಡು ಸೇರಿತ್ತು. ಗ್ರಂಥಪಾಲರಿಗೆ ಹುರುಪು ಬಂತು. ಬಂದ ಹುರುಪು ಬಾಯಲ್ಲಿ ನಿಲ್ಲಲಿಲ್ಲ, ನೇರವಾಗಿ ಫೋನಿಗೆ ಹೋಯಿತು.

"ಅತ್ತೆ, ಮುಂದಿನ ಸಲ ನೀವು ಬಂದಾಗ ಮಾವನ ಕಾರಲ್ಲೇ ಸ್ಟೇಷನ್ನಿಗೆ ಬಂದು ಕರ್ಕೊಂಡು ಬರ್ತೀನಿ. ಮಾತು ಅಂದ್ರೆ ಮಾತು."

ಆ ಕಡೆಯಿಂದ ಅತ್ತೆ ಕೇಳಿದರು, "ನಿಜವಾಗ್ಲೂನಾ ಅಳಿಯಂದ್ರೇ? ಮೂರು ತಿಂಗಳು ಸಾಕಾ ನಿಮಗೆ? ಹಾಗಾದ್ರೆ ಅಷ್ಟರಲ್ಲಿ ಕಣ್ಣಿನ ಪೊರೆ ತೆಗೆಸ್ಕೊಂಡು ಬಿಡ್ತೀನಿ. ಗಾಡಿ ಸರಿಯಾಗಿ ಕಾಣಬೇಕಲ್ಲ."

ಶ್ರೀಮತಿಯವರು ಕೂತಲ್ಲೇ ಕೂತರು. ಪೊರೆ ತೆಗೆಸಿಕೊಳ್ಳಮ್ಮ ಎಂದು ಎರಡು ವರ್ಷದಿಂದ ಗೋಗರೆದದ್ದು ಅವರಿಗೇ ಗೊತ್ತು. ಈ ವಯಸ್ಸಲ್ಲಿ ನೋಡೋದಕ್ಕೆ ಏನಿದೆ ಎಂದು ಅಮ್ಮ ಜಪ್ಪಯ್ಯ ಎಂದರೂ ಒಪ್ಪಿರಲಿಲ್ಲ.

"ನೋಡ್ರೀ," ಎಂದರು ಗಂಡನಿಗೆ, "ಅಮ್ಮನಿಗೆ ಆಸೆ ಹುಟ್ಟಿಸಿದ್ದೀರಿ. ಅವಳು ಬಂದು ಇಳಿದಾಗ ಕಾರು ಅಲ್ಲಿ ಇಲ್ಲ ಅಂದ್ರೆ ನಾನು ನಿಮ್ಮನ್ನ ಕ್ಷಮಿಸಲ್ಲ."

ಮರುದಿನ ಶೆಡ್ಡಿನ ಉದ್ಘಾಟನೆಯಾಯಿತು. ಗ್ರಂಥಾಲಯದಿಂದ ನೆನಪಿಗೆಂದು ಹೊತ್ತು ತಂದಿದ್ದ 'ನಿಶ್ಶಬ್ದವಾಗಿರಿ' ಎಂಬ ಬೋರ್ಡನ್ನು ಗ್ರಂಥಪಾಲರು ಬಾಗಿಲ ಮೇಲೆ ತೂಗುಹಾಕಿದರು. ಸ್ಪ್ಯಾನರು ಕೈಗೆತ್ತಿಕೊಂಡು ಮೊದಲ ನಟ್ಟು ಬಿಚ್ಚುತ್ತಿದ್ದಾಗ ಶ್ರೀಮತಿಯವರು ಬಂದು ನಿಂತರು. ಅವರು ಮನೆಯಲ್ಲೇ ಹೊಲಿಗೆ ಮಾಡುವವರು. ಬೀದಿಯ ಅರ್ಧ ಮಕ್ಕಳ ಸಮವಸ್ತ್ರ ಅವರ ಕೈಯಲ್ಲೇ ತಯಾರಾಗುವುದು.

"ರೀ, ಬಿಚ್ಚಿದ್ದನ್ನ ಬಿಚ್ಚಿದ ಹಾಗೇ ಸಾಲಾಗಿ ಇಟ್ಕೊಳ್ಳಿ. ನಾನು ಹಳೇ ಕೋಟು ಬಿಚ್ಚುವಾಗ ಹಾಗೇ ಮಾಡೋದು. ಕೊನೆಗೆ ಬಿಚ್ಚಿದ್ದನ್ನ ಮೊದಲು ಹಾಕಿದ್ರೆ..."

ಗ್ರಂಥಪಾಲರು ಬೋರ್ಡಿನ ಕಡೆಗೆ ಬೆರಳು ತೋರಿಸಿದರು, ಅಷ್ಟೇ.

"ಆಯ್ತಪ್ಪ, ನಿಮ್ಮ ಹಣೆಬರಹ," ಎಂದು ಶ್ರೀಮತಿಯವರು ಹೊರಟುಹೋದರು. ಆಮೇಲೆ ಆ ಕಡೆ ಸುಳಿಯಲಿಲ್ಲ.

ಇನ್ನು ಕೇಳಬೇಕೆ. ಒಂದೊಂದು ಭಾಗವನ್ನೂ ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿ, ಡಬ್ಬಿಗೆ ಹಾಕಿ, ಅದಕ್ಕೊಂದು ಕಾರ್ಡು ಬರೆದು, ಅಕಾರಾದಿಯಾಗಿ ಕಪಾಟಿನಲ್ಲಿ ಇಟ್ಟರು. ಒಟ್ಟು ನಾನೂರ ಹನ್ನೆರಡು ಡಬ್ಬಿ. ಒಂದೇ ಒಂದು ತೊಡಕೆಂದರೆ, ಯಾವ ಭಾಗಕ್ಕೆ ಏನು ಹೆಸರು ಎಂಬುದು ಅವರಿಗೆ ತಿಳಿಯದು. ಅದಕ್ಕೆಲ್ಲ ಅಂಜುವ ಆಸಾಮಿಯಲ್ಲ. ಕಂಡ ಹಾಗೆ ತಾವೇ ನಾಮಕರಣ ಮಾಡಿದರು. ಅಂಕುಡೊಂಕು ಕೊಳವೆ. ಅಂಥದ್ದೇ ಇನ್ನೊಂದು. ಗಡಿಗೆಯಂಥದ್ದು. ತಟ್ಟಿದರೆ ಠಣ್ ಎನ್ನುವುದು. ಹೆಸರಿಲ್ಲದ್ದು, ಒಂದರಿಂದ ಮೂವತ್ತೊಂದು. 'ಳ' ಎಂದು ಬರೆದ ಡಬ್ಬಿ ಮಾತ್ರ ಖಾಲಿ ಉಳಿದದ್ದು ಅವರಿಗೆ ಸಣ್ಣ ಕೊರಗು. ಆ ಅಕ್ಷರದಿಂದ ಶುರುವಾಗುವ ಬಿಡಿಭಾಗ ಇಡೀ ಕಾರಿನಲ್ಲಿ ಒಂದೂ ಸಿಗಲಿಲ್ಲ.

ವಾರವಾರ ಅತ್ತೆಯ ಫೋನು. "ಅಳಿಯಂದ್ರೇ, ಒಂದು ಕಣ್ಣು ಆಯ್ತು. ಕಾರು ಹೇಗಿದೆ?"

"ಪ್ರತಿಯೊಂದು ಭಾಗಾನೂ ಕೈಗೆ ಸಿಗೋ ಹಾಗಿದೆ ಅತ್ತೆ," ಎನ್ನುತ್ತಿದ್ದರು ಗ್ರಂಥಪಾಲರು. ಇದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ.

ಎರಡನೆಯ ಕಣ್ಣೂ ಆಯಿತು. ಅತ್ತೆ ಬರುವುದಕ್ಕೆ ಎರಡೇ ವಾರ ಉಳಿದಾಗ ಗ್ರಂಥಪಾಲರು ಮರುಜೋಡಣೆಗೆ ಕೈಹಾಕಿದರು. ಸಹಜವಾಗಿ 'ಅ'ದಿಂದ ಶುರು. ಅಂಕುಡೊಂಕು ಕೊಳವೆಯನ್ನು ಹಿಡಿದು ಕಾರಿನ ಸುತ್ತ ಏಳು ಸುತ್ತು ಬಂದರು. ಅದನ್ನು ಯಾವುದಕ್ಕೆ ಸೇರಿಸಬೇಕೋ ಆ ಭಾಗ 'ಹ'ದಲ್ಲಿತ್ತೋ 'ದ'ದಲ್ಲಿತ್ತೋ, ಯಾರಿಗೆ ಗೊತ್ತು? ಎರಡು ದಿನ ಕಳೆದರೂ ಕೊಳವೆ ಕೈಯಲ್ಲೇ ಇತ್ತು. ಮೂರನೆಯ ದಿನ, ಶ್ರೀಮತಿಯವರಿಗೆ ತಿಳಿಯದಂತೆ, ಬೀದಿ ತುದಿಯ ಮುದುಕ ಮೆಕ್ಯಾನಿಕ್‌ನನ್ನು ಕರೆತಂದರು.

ಮೆಕ್ಯಾನಿಕ್ ಕಪಾಟನ್ನು ಈ ತುದಿಯಿಂದ ಆ ತುದಿಗೆ ನೋಡಿದ. "ಯಾವುದನ್ನ ಮೊದಲು ಬಿಚ್ಚಿದ್ರಿ ಸಾರ್?"

"ಅದು ದಾಖಲೆಯಲ್ಲಿಲ್ಲ. ಆದರೆ ಯಾವ ಭಾಗ ಬೇಕೋ ಕೇಳಿ, ಅರ್ಧ ನಿಮಿಷದಲ್ಲಿ ಕೊಡ್ತೀನಿ."

"ಕಾರ್ಬ್ಯುರೇಟರ್ ಕೊಡಿ."

ಗ್ರಂಥಪಾಲರು 'ಕ' ಸಾಲನ್ನು ಎರಡು ಸಲ ಹುಡುಕಿದರು. "ನಮ್ಮಲ್ಲಿ ಅದು ಇದ್ದ ಹಾಗಿಲ್ಲ," ಎಂದರು, ಮೂವತ್ತನಾಲ್ಕು ವರ್ಷ ಹೇಳಿದ ಅದೇ ಧಾಟಿಯಲ್ಲಿ.

ಮೆಕ್ಯಾನಿಕ್ ಬಕೆಟ್ಟು ಬೋರಲು ಹಾಕಿಕೊಂಡು ಕೂತ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟ. "ಸಾರ್, ಲಾರಿ ಕೆಳಗೆ ಸಿಕ್ಕಿದ ಗಾಡಿ ನೋಡಿದ್ದೀನಿ. ನೀರಿಗೆ ಬಿದ್ದಿದ್ದು ನೋಡಿದ್ದೀನಿ. ಅದನ್ನೆಲ್ಲ ಸರಿ ಮಾಡಿದ್ದೀನಿ. ಇದು ನನ್ನ ಕೈಲಿ ಆಗಲ್ಲ. ಓದು ಬಂದವರು ಯಾರಾದ್ರೂ ಬೇಕು."

ಸರಿಯಾಗಿ ಆ ಹೊತ್ತಿಗೆ ಶ್ರೀಮತಿಯವರು ಒಳಗೆ ಬಂದರು. "ರೀ, ನನ್ನ ಮಿಷನ್ನಿನ ಬಾಬಿನ್ ಕೇಸ್ ನೋಡಿದ್ರಾ? ನಾಲ್ಕು ದಿನದಿಂದ ಮನೆಯೆಲ್ಲ ಜಾಲಾಡಿದೆ. ಒಂಬತ್ತು ಸಮವಸ್ತ್ರ ಹಾಗೇ ಬಿದ್ದಿವೆ. ಪುಟ್ಟದು, ಉಕ್ಕಿನದು, ಗುಂಡಗೆ, ಮಧ್ಯೆ ಒಂದು ಮೊಳೆ ಥರ..."

ಗ್ರಂಥಪಾಲರ ಮುಖ ಬಿಳಿಚಿಕೊಂಡಿತು. ಮೆಲ್ಲನೆ 'ಪ' ಸಾಲಿಗೆ ಹೋಗಿ ಒಂದು ಡಬ್ಬಿ ತಂದರು. ಕಾರ್ಡಿನ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು: 'ಪುಟ್ಟ ಬುಗುರಿಯಂಥದ್ದು. ಜಗುಲಿಯಲ್ಲಿ ಸಿಕ್ಕಿತು. ಎಂಜಿನ್ನಿನ ಒಳಭಾಗ ಇರಬಹುದು.'

ಶ್ರೀಮತಿಯವರು ಕೂಗಾಡಲಿಲ್ಲ. (ಕೂಗಾಡಿದ್ದರೆ ಗ್ರಂಥಪಾಲರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.) ಬಾಬಿನ್ ಕೇಸನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕಪಾಟು ನೋಡಿದರು, ಬೋಳು ಬೋಳಾಗಿ ನಿಂತ ಕಾರು ನೋಡಿದರು. ಕಣ್ಣಲ್ಲಿ ನೀರಾಡಿತು. "ಅಮ್ಮನಿಗೆ ನಾನು ಏನು ಹೇಳಲಿ?" ಎಂದರು. ಗ್ರಂಥಪಾಲರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಶ್ರೀಮತಿಯವರು ಮೂಗೊರೆಸಿಕೊಂಡು 'ಗಡಿಗೆಯಂಥದ್ದು' ಡಬ್ಬಿಗೆ ಕೈಹಾಕಿದರು. "ಇದನ್ನ ಅಪ್ಪ ತಿಂಗಳಿಗೊಂದು ಸಲ ಬಿಚ್ಚಿ ಪೆಟ್ರೋಲಲ್ಲಿ ತೊಳೀತಿದ್ರು. ನಾನೇ ಪಕ್ಕದಲ್ಲಿ ಹಿಡ್ಕೊಂಡು ನಿಲ್ತಿದ್ದೆ. ಇದರ ಕೆಳಗೆ ತೆಳ್ಳಗೆ ಒಂದು ರಟ್ಟು ಬರಬೇಕು, ಇಲ್ದಿದ್ರೆ ಗಾಳಿ ಎಳೆಯುತ್ತೆ."

ಮೆಕ್ಯಾನಿಕ್ ಎದ್ದು ನಿಂತು ಟೋಪಿ ಹಾಕಿಕೊಂಡ. "ಅಮ್ಮಾ, ಅದೇ ಕಾರ್ಬ್ಯುರೇಟರ್."

"ನಿನಗೆ ಇಷ್ಟೆಲ್ಲ ಗೊತ್ತಿದ್ರೆ ಮೊದಲೇ ಹೇಳಬಾರದಿತ್ತೇನೇ?" ಎಂದರು ಗ್ರಂಥಪಾಲರು.

"ಹೇಳೋಕೆ ಬಂದಿದ್ದೆ. ನೀವು ಬೋರ್ಡು ತೋರಿಸಿದ್ರಿ."

ಅಲ್ಲಿಂದಾಚೆ ಶೆಡ್ಡಿನ ಆಡಳಿತ ಬದಲಾಯಿತು. ಬೆಳಿಗ್ಗೆ ಹೊಲಿಗೆ, ಮಧ್ಯಾಹ್ನದ ಮೇಲೆ ಕಾರು. ಶ್ರೀಮತಿಯವರು ನೆನಪಿನಿಂದ ಹೇಳುವುದು, ಮೆಕ್ಯಾನಿಕ್ ಕೂರಿಸುವುದು. ಗ್ರಂಥಪಾಲರಿಗೆ ಕಪಾಟಿನ ಮುಂದೆ ಒಂದು ಸ್ಟೂಲು. ಮೊದಲ ದಿನ ಅವರು ಪ್ರತಿ ಭಾಗಕ್ಕೂ ಚೀಟಿ ಬರೆಸಿಕೊಂಡು ರುಜು ಹಾಕಿಸಿಕೊಂಡರು. ಎರಡನೆಯ ದಿನ ಶ್ರೀಮತಿಯವರು ಚೀಟಿಯ ಕಟ್ಟನ್ನೇ ಒಲೆಗೆ ಹಾಕಿದರು. ವಾರ ಕಳೆಯುವಷ್ಟರಲ್ಲಿ ಮೆಕ್ಯಾನಿಕ್‌ಗೂ ಆ ಭಾಷೆ ಬಂದುಬಿಟ್ಟಿತ್ತು. "ಸಾರ್, ಹೆಸರಿಲ್ಲದ್ದು ಹದಿನೇಳು ಕೊಡಿ. ಹಾಗೇ ಠಣ್ ಅನ್ನೋದು."

ಅತ್ತೆ ಬರುವ ಹಿಂದಿನ ದಿನ, ಸಂಜೆ ನಾಲ್ಕಕ್ಕೆ, ಕಾರು ಎರಡು ಸಲ ಕೆಮ್ಮಿ, ಒಂದು ಸಲ ಸೀನಿ, ಗುಡುಗುಡು ಎಂದಿತು. ಶ್ರೀಮತಿಯವರು ಗಂಡನ ತೋಳು ಹಿಡಿದುಕೊಂಡು ಅತ್ತೇಬಿಟ್ಟರು. ಮೆಕ್ಯಾನಿಕ್ ಕಪಾಟಿನತ್ತ ತಿರುಗಿ ನೋಡಿದ. ಎಲ್ಲ ಡಬ್ಬಿಯೂ ಖಾಲಿ. "ಒಂದು ವಾಷರ್ ಕೂಡ ಕಳೀದೆ ಇಟ್ಟಿದ್ದೀರಿ ಸಾರ್. ಅದೂ ದೊಡ್ಡ ವಿಷಯಾನೇ," ಎಂದ. ಗ್ರಂಥಪಾಲರು ಒಂದು ಗೇಣು ಎತ್ತರವಾದರು.

ಆ ಎತ್ತರ ಮರುದಿನ ಬೆಳಿಗ್ಗೆಯವರೆಗೂ ಇತ್ತು. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಅತ್ತೆಗೆ ಮಾತು ಕೊಟ್ಟವನು ನಾನು, ಓಡಿಸುವವನೂ ನಾನೇ ಎಂದು ಸ್ಟೀರಿಂಗ್ ಮುಂದೆ ಕೂತರು. ಕಾರು ಮುಂದೆ ಹೋಗುವ ಬದಲು ಗಕ್ಕನೆ ಹಿಂದೆ ಹೋಗಿ ಬಟ್ಟೆ ಒಣಗಿಸುವ ಕಂಬಕ್ಕೆ ಗುದ್ದಿತು. ಎರಡು ಒದ್ದೆ ಹೊದಿಕೆ, ಒಂದು ಪೈಜಾಮ ಬಂದು ಹಿಂದಿನ ಗಾಜಿನ ಮೇಲೆ ಮಲಗಿದವು. ಕಂಬ ವಾಲಿತು, ಕಾರಿಗೆ ಏನೂ ಆಗಲಿಲ್ಲ.

"ಇಳೀರಿ," ಎಂದರು ಶ್ರೀಮತಿಯವರು. "ಹತ್ತು ಗಂಟೆಗೆ ಟ್ರೇನು. ಹದಿನೇಳು ವರ್ಷದವಳಿದ್ದಾಗ ಅಪ್ಪ ನನಗೆ ಕಲಿಸಿದ್ದು ಇದರಲ್ಲೇ."

ಸ್ಟೇಷನ್ನಿನಲ್ಲಿ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡೇ ಇಳಿದರು. ಕಾರಿನ ಮುಂದೆ ಬಂದು ಕನ್ನಡಕ ತೆಗೆದರು. ಸುತ್ತಲೂ ಒಂದು ಸುತ್ತು ಬಂದು, ಗುಡುಗುಡು ಎನ್ನುತ್ತಿದ್ದ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತರು. "ಅದೇ ಸದ್ದು ಕಣೇ," ಎಂದರು ಮಗಳಿಗೆ. ಆಮೇಲೆ ಯಾರನ್ನೂ ಕೇಳದೆ ಮುಂದಿನ ಸೀಟಿನಲ್ಲಿ ಕೂತರು. ಗ್ರಂಥಪಾಲರು ಎರಡು ಟ್ರಂಕುಗಳ ಜೊತೆ ಹಿಂದೆ ಕೂತರು.

"ಎಲ್ಲಾ ನೀವೇ ಮಾಡಿದ್ರಾ ಅಳಿಯಂದ್ರೇ?"

ಶ್ರೀಮತಿಯವರು ಕನ್ನಡಿಯಲ್ಲಿ ಗಂಡನನ್ನು ನೋಡಿ, "ಹೂಂ ಅಮ್ಮ. ಒಂದು ಸ್ಕ್ರೂ ಕೂಡ ಕಳೆಯದ ಹಾಗೆ ನೋಡ್ಕೊಂಡ್ರು," ಎಂದರು. ಅಂಥ ಹೆಂಡತಿ ಸಿಕ್ಕಿದ್ದಕ್ಕೆ ಗ್ರಂಥಪಾಲರು ಟ್ರಂಕುಗಳ ನಡುವಿನಿಂದಲೇ ಕೈಮುಗಿದರು.

ಮುಗಿದ ಕೈ ಮರುದಿನಕ್ಕೆ ಬಿಚ್ಚಿಕೊಂಡಿತು. ಟೀ ಮುಗಿಸಿ, ಏನೂ ಅರಿಯದವರಂತೆ ಕೈ ಚಾಚಿದರು. "ಕೀ ಕೊಡು, ಗ್ರಂಥಾಲಯದ ಕಡೆ ಒಂದು ಸುತ್ತು ಹೋಗಿ ಬರ್ತೀನಿ. ಹಳೇ ಸಹೋದ್ಯೋಗಿಗಳು ನೋಡಲಿ."

ಶ್ರೀಮತಿಯವರು ಕೀ ಕೊಡಲಿಲ್ಲ. ಹೊಲಿಗೆ ಮಿಷನ್ನಿನ ಡ್ರಾಯರಿನಿಂದ ಒಂದು ಕಾರ್ಡು ತೆಗೆದುಕೊಟ್ಟರು. ಗ್ರಂಥಪಾಲರದೇ ಕಾರ್ಡು, ಅವರದೇ ಮೊಹರು, ಅಕ್ಷರ ಮಾತ್ರ ಹೆಂಡತಿಯದು. 'ಕಾರು. ಪರಾಮರ್ಶನ ಗ್ರಂಥ. ಎರವಲು ಕೊಡಲಾಗುವುದಿಲ್ಲ. ಇಲ್ಲೇ ಕೂತು ನೋಡತಕ್ಕದ್ದು.'

ಮೂವತ್ತನಾಲ್ಕು ವರ್ಷ ದೊಡ್ಡ ದೊಡ್ಡ ಪ್ರೊಫೆಸರುಗಳನ್ನು ಇದೇ ನಿಯಮ ಹೇಳಿ ಬಾಗಿಲಿಂದಲೇ ವಾಪಸು ಕಳಿಸಿದವರು ಅವರು. ಈಗ ಯಾವ ಬಾಯಲ್ಲಿ ವಾದ ಮಾಡುವುದು? ಪೇಪರು ಕಂಕುಳಲ್ಲಿಟ್ಟುಕೊಂಡು ಶೆಡ್ಡಿಗೆ ಹೋಗಿ, ನಿಂತ ಕಾರಿನ ಸ್ಟೀರಿಂಗ್ ಮುಂದೆ ಕೂತು ಎರಡು ಪುಟ ಓದಿದರು. ಕೂತಲ್ಲಿ ಮನಸ್ಸು ತಡೆಯಲಿಲ್ಲ. ಅತ್ತ ಇತ್ತ ನೋಡಿ ಹಾರ್ನನ್ನು ಒಂದೇ ಒಂದು ಸಲ ಒತ್ತಿದರು.

ಒಳಗೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಕಿಟಕಿಯಲ್ಲಿ ಅತ್ತೆಯ ಮುಖ ಕಾಣಿಸಿತು. ಕನ್ನಡಕವಿಲ್ಲದ, ಎಲ್ಲವೂ ಸ್ಪಷ್ಟವಾಗಿ ಕಾಣುವ ಹೊಸ ಕಣ್ಣು.

"ಅಳಿಯಂದ್ರೇ," ಎಂದರು ಅತ್ತೆ, ತುಂಬ ಮೃದುವಾಗಿ, "ಆ ಬಾಗಿಲ ಮೇಲೆ ಏನೋ ಬರೆದಿದೆ ನೋಡಿ."