ಕೈ ಎತ್ತಿದವರ ಹೆಸರಿಗೆ ತಪ್ಪು ಬರೆಯುವ ಯಂತ್ರದವರಿಗೆ

ನೋಯ್ಡಾ, ಬುಧವಾರ

ಮಾನ್ಯರೇ, ಬೇಸ್‌ಬಾಲ್ ಮೈದಾನದ ಲೆಕ್ಕದ ಯಂತ್ರ ಮಹಾಶಯರೇ,

ಲೀಲಾವತಿ ಮಾಡುವ ನಮಸ್ಕಾರಗಳು. ಇಲ್ಲಿ ನಾನು, ಮಗಳು ಸುಮಿತ್ರಾ, ಅಳಿಯಂದಿರಾದ ಸುರೇಶರು, ಮೂವರೂ ಈ ಮಂಜು ಹೊಗೆಗಳ ನಡುವೆ ಕೆಮ್ಮಿಕೊಂಡು ಕ್ಷೇಮವಾಗಿದ್ದೇವೆ. ತಾವು ಹೇಗಿದ್ದೀರಿ? ಕಂಬದ ತುದಿಯಲ್ಲಿ ನಿಂತೇ ಇರುವ ತಮ್ಮ ಕ್ಯಾಮೆರಾ ಅವರಿಗೆ ಥಂಡಿ ತಗುಲಿಲ್ಲ ತಾನೇ? ಚಾರ್ಜರಿನವರ ಸೊಂಟ ಉಳುಕಿ ಟೇಪು ಸುತ್ತಿದ್ದರಂತೆ, ಈಗ ಗುಣವೇ? ತಮ್ಮ ಲ್ಯಾಪ್‌ಟಾಪ್ ದೇಹವನ್ನು ತೊಡೆಯ ಮೇಲಿಟ್ಟುಕೊಂಡು ಮುದ್ದಿನಿಂದ ಸಾಕುತ್ತಿರುವ ಕೋಚ್ ಕಿಶನ್ ಭಯ್ಯಾ ಅವರಿಗೆ ನನ್ನ ಆಶೀರ್ವಾದ ತಿಳಿಸುವುದು. ನಾನು ಶಾಲೆಯಲ್ಲಿ ಕಲಿತವಳಲ್ಲ, ನೆಂಟರಿಗೆ ಕಾಗದ ಬರೆದೂ ಬರೆದೂ ಅಕ್ಷರ ತಿದ್ದಿದವಳು. ಹಾಗಾಗಿ ಯಾರಿಗೆ ಬರೆದರೂ ಮೊದಲು ಮನೆಮಂದಿಯನ್ನೆಲ್ಲ ವಿಚಾರಿಸದೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ.

ವಿಷಯ ಇಷ್ಟೇ. ಆಟಗಾರರ ತಪ್ಪು ಎಣಿಸಿ ತಂಡ ಆರಿಸುವ ತಾವು ನಮ್ಮ ಅಳಿಯಂದಿರನ್ನು ತಂಡದಿಂದ ಕೈಬಿಟ್ಟಿದ್ದೀರಿ.

ಈ ಬೇಸ್‌ಬಾಲು ಮೊದಲು ನನಗೂ ತಿಳಿಯುತ್ತಿರಲಿಲ್ಲ. ಅಳಿಯಂದಿರ ಕಂಪನಿಯವರು ಅಮೆರಿಕದ ಸಾಹೇಬರನ್ನು ಮೆಚ್ಚಿಸಲೆಂದು ಈ ತಂಡ ಕಟ್ಟಿದರು. ಒಬ್ಬ ಎಸೆದ ಚೆಂಡನ್ನು ಇನ್ನೊಬ್ಬ ದೊಣ್ಣೆಯಿಂದ ಬಾರಿಸಿ, ನಾಲ್ಕು ಮೂಲೆ ಸುತ್ತಿ, ಹೊರಟಲ್ಲಿಗೇ ಬಂದು ಸೇರಬೇಕು; ಇಷ್ಟಕ್ಕೆ ಅಷ್ಟು ದೂರ ಯಾಕೆ ಓಡಬೇಕೋ ದೇವರೇ ಬಲ್ಲ. ಅಳಿಯಂದಿರಿಗೆ ಬಾರಿಸುವವನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಚೆಂಡು ಹಿಡಿಯುವ ಕೆಲಸ. ತಂಡಕ್ಕೆಲ್ಲ ಹಿರಿಯರು ಅವರೇ. ಕುಳಿತರೆ ಏಳಲು ಒಬ್ಬರು ಕೈ ಕೊಡಬೇಕು, ಬಾರಿಸಿದರೆ ಚೆಂಡಿಗೆ ನೋವೂ ಆಗುವುದಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ, ಅತ್ತೆಯಾದವಳು ಸುಳ್ಳು ಹೇಳಬಾರದು.

ಆದರೆ ತಾವು ಅವರನ್ನು ಬಿಟ್ಟದ್ದು ಅದಕ್ಕಲ್ಲವಂತೆ. ತಂಡದ ತಪ್ಪುಗಳೆಲ್ಲ ಅವರೊಬ್ಬರ ಹೆಸರಿನಲ್ಲೇ ಇವೆಯಂತೆ. ಚೆಂಡು ಎಸೆಯುವ ಧನುಷ್ ಅಡ್ಡಾದಿಡ್ಡಿ ಎಸೆದದ್ದೂ ಸುರೇಶರ ತಪ್ಪು, ಮೊದಲ ಮೂಲೆ ಕಾಯುವ ಅನೂಪ್ ಕೈಗೆ ಬಂದ ಚೆಂಡನ್ನು ಬಿಟ್ಟದ್ದೂ ಸುರೇಶರ ತಪ್ಪು. ಇದೇನು ಕಥೆ ಎಂದು ವಿಚಾರಿಸಿದಾಗ ತಿಳಿಯಿತು: ಚೆಂಡು ಕೈತಪ್ಪಿದೊಡನೆ ತಾವು ಕಂಬದಿಂದ ಕತ್ತು ಹೊರಳಿಸಿ, ಮೈದಾನದಲ್ಲಿ ಯಾರು ಕೈ ಎತ್ತಿದ್ದಾರೆ ಎಂದು ನೋಡಿ, ಅವರ ಹೆಸರಿಗೆ ತಪ್ಪನ್ನು ಬರೆದುಕೊಳ್ಳುತ್ತೀರಿ. ತಪ್ಪು ಮಾಡಿದವರೇ ಕೈ ಎತ್ತುತ್ತಾರೆಂದು ಕಿಶನ್ ಭಯ್ಯಾ ತಮಗೆ ಹೇಳಿಕೊಟ್ಟಿದ್ದಾರೆ. ಎಂಥ ಸತ್ಯಯುಗದ ನಂಬಿಕೆ! ಕೇಳಿ ನನ್ನ ಕಣ್ಣು ತುಂಬಿ ಬಂತು.

ಸ್ವಾಮೀ, ನಮ್ಮ ಅಳಿಯಂದಿರು ಒಟ್ಟು ಕುಟುಂಬದಲ್ಲಿ ಹಿರಿಮಗನಾಗಿ ಬೆಳೆದವರು. ಆ ಮನೆಯಲ್ಲಿ ಲೋಟ ಒಡೆದ ಸದ್ದಾದರೆ ಸಾಕು, ಒಡೆದವರು ಯಾರೆಂದು ನೋಡುವ ಮೊದಲೇ ಹಿರಿಯವನು "ನಂದೇ ತಪ್ಪು" ಎಂದು ಕೈ ಎತ್ತಿಬಿಡಬೇಕು. ಬೈಗುಳ ಅಲ್ಲಿಗೆ ಮುಗಿಯುತ್ತದೆ, ಚಿಕ್ಕವು ಅಳುವುದಿಲ್ಲ, ಅಡುಗೆಯೂ ಹೊತ್ತುವುದಿಲ್ಲ. ಆ ಚಾಳಿಯನ್ನೇ ಅವರು ಮೈದಾನಕ್ಕೂ ತಂದರು. ಯಾರ ಚೆಂಡು ಜಾರಿದರೂ ಕುಕ್ಕರಗಾಲಲ್ಲೇ ಕೈ ಎತ್ತಿ "ನಂದು, ನಂದು, ಚಲೋ ಮುಂದಕ್ಕೆ" ಎನ್ನುವುದು. ಒಮ್ಮೆ ಅಭ್ಯಾಸದ ನಡುವೆ ಬೇಲಿಯಾಚೆ ಗಾಡಿಯವನ ಹತ್ತಿರ ಬಾಳೆಹಣ್ಣು ಕೊಳ್ಳುತ್ತಿದ್ದಾಗ ಒಳಗೆ ಅನೂಪ್ ಚೆಂಡು ಬಿಟ್ಟ ಸದ್ದು ಕೇಳಿ, ಅಲ್ಲಿಂದಲೇ ಬಾಳೆಹಣ್ಣಿನ ಚಿಪ್ಪು ಸಮೇತ ಕೈ ಎತ್ತಿದರು. ಅದನ್ನೂ ತಾವು ಬಿಡದೆ ಬರೆದುಕೊಂಡಿದ್ದೀರಿ. ಆಟ ಮುಗಿದ ಮೇಲೆ ಗೇಟಿನ ಹೊರಗೆ ಆಟೋ ನಿಲ್ಲಿಸಲು ಕೈ ಅಡ್ಡ ಹಿಡಿದದ್ದಕ್ಕೂ ಒಂದು ತಪ್ಪು, ಆಟೋ ನಿಲ್ಲದೆ ಹೋಗಿ ಮತ್ತೆ ಕೈ ಹಿಡಿದದ್ದಕ್ಕೆ ಇನ್ನೊಂದು ತಪ್ಪು. ತಮ್ಮ ದೃಷ್ಟಿ ಎಷ್ಟು ಚುರುಕೆಂದರೆ, ದೃಷ್ಟಿ ತಾಕದಿರಲೆಂದು ನಾನೇ ಬಂದು ತಮಗೆ ಉಪ್ಪು ಮೆಣಸಿನಕಾಯಿ ನಿವಾಳಿಸುವ ಆಲೋಚನೆಯಲ್ಲಿದ್ದೇನೆ.

ಅವರನ್ನು ಬಿಟ್ಟ ಮೇಲೆ ತಂಡ ಹೇಗೆ ಬೆಳಗಿತು ಎಂಬುದನ್ನು ಹೋದ ಭಾನುವಾರ ಬೇಲಿಯ ಪಕ್ಕದಲ್ಲಿ ಅಳಿಯಂದಿರ ಜೊತೆ ಕುಳಿತು ನಾನೇ ಕಂಡೆ. ಒಂದು ಚೆಂಡು ಮೇಲಕ್ಕೆ ಹೋಗಿ ಧನುಷ್ ಮತ್ತು ಅನೂಪನ ನಡುವೆ ಇಳಿಯಿತು. ಮೊದಲಾಗಿದ್ದರೆ ಹಿಂದಿನಿಂದ "ಅನೂಪಾ, ನಿಂದು!" ಎಂದು ಕೂಗು ಬರುತ್ತಿತ್ತು. ಈಗ ಕೂಗುವವರಿಲ್ಲ. ಚೆಂಡು ಇಬ್ಬರ ನಡುವೆ, ಯಾರೂ ಕರೆಯದ ನೆಂಟನ ಹಾಗೆ, ಬಂದು ಕೂತಿತು. ಅನೂಪ್ ಧನುಷ್‌ನ ಕಡೆ ಬೆರಳು ತೋರಿಸಿ "ತೇರಾ ಥಾ ಯಾರ್" ಎಂದ. ಧನುಷ್ "ನಂದಾ? ನಿನ್ನ ಮೂಗಿನ ಮೇಲೆ ಬಿದ್ದಿದ್ರೂ ನಂದೇ ಅಂತಿದ್ದೆ ನೀನು" ಎಂದ. ಅಷ್ಟರಲ್ಲಿ ಎದುರಿನವರು ಓಡಿ ಓಡಿ ಹೊರಟಲ್ಲಿಗೆ ಸೇರಿ ನೀರು ಕುಡಿದು ಕುಳಿತಿದ್ದರು. ತಂಡದಲ್ಲಿ ಒಬ್ಬರೂ ಕೈ ಎತ್ತಲಿಲ್ಲವಾಗಿ ತಾವು ಸಂಜೆ ಕೊಟ್ಟ ವರದಿಯಲ್ಲಿ ತಂಡದ ತಪ್ಪು ಸೊನ್ನೆ. ಒಂದೂ ತಪ್ಪು ಮಾಡದೆ ಇಷ್ಟು ಹೀನಾಯವಾಗಿ ಸೋಲುವ ತಂಡವನ್ನು ಕಟ್ಟಿದ ಕೀರ್ತಿ ತಮ್ಮದೇ. ಈ ಸಾಧನೆಗಾಗಿ ತಮಗೆ ಶಾಲು ಹೊದಿಸಬೇಕು, ಹೊದಿಸಿದರೆ ಬಿಸಿಯೇರಿ ಕೆಡುತ್ತೀರೆಂದು ಕಿಶನ್ ಭಯ್ಯಾ ಹೇಳಿದ್ದರಿಂದ ಸುಮ್ಮನಿದ್ದೇನೆ.

ಈ ಭಾನುವಾರ ಗುರುಗ್ರಾಮದವರ ಜೊತೆ ಕೊನೆಯ ಪಂದ್ಯ. ಸೋತರೆ ಕಂಪನಿಯವರು ತಂಡವನ್ನೇ ಮುಚ್ಚುತ್ತಾರೆ. ಅಳಿಯಂದಿರು ದಿನವೂ, ಒಗೆದ ಟೋಪಿಯನ್ನೇ ಮತ್ತೆ ಒಗೆದು ಬಾಲ್ಕನಿಯಲ್ಲಿ ಹಾಕುತ್ತಾರೆ. ಸುಮಿತ್ರಾ "ಬಣ್ಣ ಹೋಯಿತು, ಬಿಡಿ ಅಂದ್ರೆ" ಎಂದರೆ "ಅಚ್ಛಾ, ನಂದೇ ತಪ್ಪು" ಎಂದು ಒಳಗೆ ಹೋಗುತ್ತಾರೆ.

ಆದ್ದರಿಂದ ಬೇಡಿಕೆ. ಅವರನ್ನು ಮರಳಿ ಕರೆಸಿಕೊಳ್ಳುವುದು ಶಾಸ್ತ್ರಕ್ಕೆ ಒಪ್ಪದಿದ್ದರೆ, ತಾವೇ ದಯಮಾಡಿ ಅವರ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂರಬೇಕು. ಧನುಷ್‌ನ ಎಸೆತ ಕೆಟ್ಟಾಗ ಎದ್ದು ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟು ಪಿಸುಗುಡಬೇಕು. ಮೊದಲು ಹೀಗೆ ಪಿಸುಗುಟ್ಟಿದಾಗ ದೊಡ್ಡ ತಂತ್ರವಿರಬೇಕೆಂದು ಎದುರಿನವರು ಹೆದರುತ್ತಿದ್ದರು, ಅಳಿಯಂದಿರು ಕೇಳುತ್ತಿದ್ದದ್ದು "ಬೆಳಿಗ್ಗೆ ಏನು ತಿಂದ್ಯೋ?" ಎಂದಷ್ಟೇ. ಅದನ್ನು ತಾವು ಕಾಲಹರಣ ಎಂದು ಬರೆದುಕೊಂಡಿದ್ದೀರಿ. ಇರಲಿ, ಆ ಕಾಲಹರಣದ ನಂತರ ಅವನು ಎಸೆದ ಚೆಂಡು ಎಲ್ಲಿ ಬಿತ್ತೆಂದು ಒಮ್ಮೆ ನೋಡಿಕೊಳ್ಳಿ. ಬೆಂಚಿನ ಮೇಲೆ ಎಲ್ಲರೂ ಒಂದೇ ಡಬ್ಬಿಯಿಂದ ನನ್ನ ಗೊಜ್ಜವಲಕ್ಕಿ ತಿನ್ನುವಾಗ ತಾವೂ ಕೈ ಹಾಕಬೇಕು, ಕಡಲೆಬೀಜಕ್ಕಾಗಿ ಕಿತ್ತಾಡುವ ಇಬ್ಬರಿಗೆ ತಮ್ಮ ಪಾಲಿನದನ್ನು ಕೊಡಬೇಕು. ಇವಿಷ್ಟೂ ಆಗದಿದ್ದರೆ ಕೊನೆಯದೊಂದು ಸಣ್ಣ ಕೆಲಸ.

ಹೋದ ಭಾನುವಾರ ಸೋತ ಮೇಲೆ ಕಿಶನ್ ಭಯ್ಯಾ ತಮ್ಮನ್ನು ಎತ್ತಿ ಹಿಡಿದು, "ಈ ತಂಡ ಆರಿಸಿದ್ದು ಯಾರ ತಪ್ಪು?" ಎಂದು ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದರು. ತಾವು ಕೈ ಎತ್ತಿದವರನ್ನು ಹುಡುಕಿದಿರಿ. ಧನುಷ್ ನೆಲ ನೋಡಿದ, ಅನೂಪ್ ಆಕಾಶ ನೋಡಿದ. ಆಗ ನನ್ನ ಪಕ್ಕದಲ್ಲಿ ಕುಳಿತಿದ್ದ ಅಳಿಯಂದಿರು, ತಂಡದಲ್ಲೇ ಇಲ್ಲದವರು, ಮೆಲ್ಲಗೆ ಕೈ ಎತ್ತಿದರು. ತಾವು ಕತ್ತು ಹೊರಳಿಸಿದಿರಿ. ಬರೆದುಕೊಂಡಿರಿ.

ಅದು ತಮ್ಮ ತಪ್ಪಾಗಿತ್ತು, ಮಾನ್ಯರೇ. ಭಾನುವಾರದೊಳಗೆ ಅದೊಂದಕ್ಕೆ ತಾವೇ ಕೈ ಎತ್ತಿ. ಕೈಯಿಲ್ಲದಿದ್ದರೆ ಕ್ಯಾಮೆರಾ ಅವರ ಕತ್ತನ್ನಾದರೂ ಎತ್ತಿಸಿ, ನಾವು ಅರ್ಥ ಮಾಡಿಕೊಳ್ಳುತ್ತೇವೆ.

ತಾವು ಲೆಕ್ಕಕ್ಕೆ ಹಿಡಿಯದಿದ್ದರೂ ತಮ್ಮ ವಿಶ್ವಾಸಿಯೇ ಆದ,
ಲೀಲಾವತಿ
(ಸುರೇಶರ ಅತ್ತೆ)

ತಾಜಾ ಕಲಂ: ಈ ಪತ್ರದ ಪ್ರತಿಯನ್ನು ಸೊಸೈಟಿಯ ನೋಟಿಸ್ ಬೋರ್ಡಿಗೂ ಅಂಟಿಸಿದ್ದೇನೆ. ನಿನ್ನೆ ಮೈದಾನದ ಮುಂದೆ ಹಾದುಹೋಗುವಾಗ ತಮಗೆ ನಮಸ್ಕಾರ ಹೇಳಲು ಕೈ ಎತ್ತಿದ್ದೆ. ಅದನ್ನೂ ಅಳಿಯಂದಿರ ಹೆಸರಿಗೇ ಬರೆದುಕೊಂಡಿದ್ದರೆ ದಯವಿಟ್ಟು ನನ್ನ ಹೆಸರಿಗೆ ಬದಲಾಯಿಸಿ, ನಮ್ಮ ಮನೆಯಲ್ಲಿ ಇನ್ನೊಬ್ಬರೂ ಕೈ ಎತ್ತಬಲ್ಲರೆಂದು ತಿಳಿಯಲಿ. ಭಾನುವಾರದ ಗೊಜ್ಜವಲಕ್ಕಿ ಒಬ್ಬರಿಗೋ ಇಡೀ ತಂಡಕ್ಕೋ ಎಂದು ಗೊತ್ತಾಗದೆ ಹುಣಸೆಹಣ್ಣು ಹಾಗೇ ಇಟ್ಟುಕೊಂಡು ಕುಳಿತಿದ್ದೇನೆ. ಶನಿವಾರ ಸಂಜೆ ನೆನೆಹಾಕಬೇಕು. ಅಷ್ಟರೊಳಗೆ ಎರಡು ಸಾಲು ಬರೆಯಿರಿ.