ಮೂಲೆಯುಳ್ಳ ಬಿರುಗಾಳಿ

ಭಾವ: ಇದನ್ನ ಬೆನ್ನ ಮೇಲೆ ಹಾಕ್ಕೊಂಡು ನಾನು ನಾಳೆ ಮೈದಾನಕ್ಕೆ ಇಳೀಬೇಕಾ? ಆಗಲ್ಲ ಅಂದ್ರೆ ಆಗಲ್ಲ!

ಬಾಮೈದ: ಸ್ವಲ್ಪ ದೂರ ನಿಂತು ನೋಡಿ ಭಾವ.

ಭಾವ: ದೂರದ ಬೆಟ್ಟ ನುಣ್ಣಗೆ ಅಂತಾರೆ. ನಿನ್ನ ಅಕ್ಷರ ದೂರದಿಂದಲೂ ಚುಚ್ಚುತ್ತೆ ಕಣೋ!

ಜೆರ್ಸಿಗಳಿಗೆ ಹೆಸರು ಒತ್ತುವ ಪುಟ್ಟ ಅಂಗಡಿ ಬಾಮೈದನದು. ಎರಡು ವರ್ಷ ಕೂತು ಅವನೊಂದು ಅಕ್ಷರಶೈಲಿ ಮಾಡಿದ್ದ. ದಪ್ಪ, ಚೂಪು, ಮುನ್ನುಗ್ಗುವ ಓರೆ. ದುಂಡು ಕನ್ನಡಕ್ಕೆ ಮೂಲೆ ಕೊಟ್ಟ ಮಹಾಪುರುಷ ತಾನೇ ಎಂದು ಅವನ ನಂಬಿಕೆ. ಗಿರಾಕಿಗಳಲ್ಲಿ ಒಬ್ಬನೂ ಅದನ್ನು ಒಪ್ಪಿರಲಿಲ್ಲ. ಫುಟ್‌ಬಾಲ್ ತಂಡದ ನಾಯಕನಾದ ಅಕ್ಕನ ಗಂಡನೂ ಒಲ್ಲೆ ಎಂದರೆ ಅದರ ಕಥೆ ಮುಗಿದಂತೆಯೇ.

ಬಾಮೈದ: ಹನ್ನೆರಡು ಡಿಗ್ರಿ ಬಾಗಿಸಿದ್ದೀನಿ. ನಿಂತಲ್ಲೇ ಓಡೋ ಹಾಗಿದೆ!

ಭಾವ: ಅದು ಓಡಿ ನಾನು ಹಿಂದೆ ಉಳಿದ್ರೆ?

ಅಕ್ಕ (ಜೆರ್ಸಿ ಮಡಚುತ್ತಾ): ಅದೇನು ಹೊಸದಾ?

ಭಾವ: ನೀನು ಸುಮ್ನಿರೇ! ಇಲ್ಲ, ನೀನೇ ಹೇಳು, ಇಲ್ಲಿ ಏನು ಬರೆದಿದೆ?

ಅಕ್ಕ: ಬರೆದಿದೆಯಾ? ಮುರಿದ ಏಣಿ ಚಿತ್ರ ಅಂದ್ಕೊಂಡಿದ್ದೆ.

ಬಾಮೈದ: ಅಕ್ಕಾ! ‘ಬಿರುಗಾಳಿ’ ಅಂತಿದೆ. ಭಾವ ತಮಗೆ ತಾವೇ ಇಟ್ಕೊಂಡ ಹೆಸರು. ಇದು ಓದೋಕಲ್ಲ, ಎದುರಾಳಿ ಹೆದರೋಕೆ.

ಭಾವ: ಬೆನ್ನ ಮೇಲಿರೋದು ಅವನಿಗೆ ಕಾಣ್ಬೇಕಂದ್ರೆ ನಾನು ಅವನಿಗಿಂತ ಮುಂದೆ ಓಡ್ಬೇಕಲ್ಲೋ!

ಅಕ್ಕ: ಹೊಟ್ಟೆ ಮೇಲೆ ಒತ್ತು ತಮ್ಮಾ. ಜಾಗವೂ ಜಾಸ್ತಿ.

ಭಾವ: ನಗಬೇಡಿ. ರೆಫರಿ ಕಥೆ ಏನು? ಹೆಸರು, ನಂಬರ್ ನೋಡಿ ತಾನೇ ಅವನು ತಪ್ಪು ಬರ್ಕೊಳ್ಳೋದು? ಅವನಿಗೆ ಓದೋಕಾಗುತ್ತಾ?

ಬಾಮೈದನ ಜಂಭ ಜರ್ರನೆ ಇಳಿಯಿತು.

ಬಾಮೈದ: ಆಗಲ್ಲ ಭಾವ. ಬಿಡಿ, ಹಳೇ ದುಂಡಕ್ಷರದಲ್ಲೇ ಒತ್ತಿಕೊಡ್ತೀನಿ.

ಗೆದ್ದೆ ಎಂದು ಬಾಗಿಲವರೆಗೆ ಹೋದ ಭಾವ ಗಕ್ಕನೆ ನಿಂತ. ಎದುರಾಳಿಯ ಕಾಲಿಗೆ ಕಾಲು ಕೊಟ್ಟು ಈ ವರ್ಷ ಅವನು ಮೂರು ಹಳದಿ ಕಾರ್ಡ್ ಸಂಪಾದಿಸಿದ್ದ. ಇನ್ನೊಂದು ಬಿದ್ದರೆ ತಂಡದಿಂದಲೇ ಹೊರಗೆ.

ಭಾವ: ಖಂಡಿತ ಓದೋಕಾಗಲ್ವಾ?

ಬಾಮೈದ: ಇಲ್ಲ.

ಭಾವ: ಕನ್ನಡಕ ಹಾಕ್ಕೊಂಡ್ರೂ?

ಬಾಮೈದ: ಒಂದೊಂದು ಸಲ ನನಗೇ ಆಗಲ್ಲ ಭಾವ.

ಭಾವ: ಹನ್ನೊಂದು ಜನಕ್ಕೂ ಇದನ್ನೇ ಒತ್ತು!

ಬಾಮೈದನ ಕಣ್ಣು ತುಂಬಿ ಬಂತು. ಕೊನೆಗೂ ಒಬ್ಬ ರಸಿಕ ಸಿಕ್ಕಿದ್ದ.

ಬಾಮೈದ: ಆದ್ರೆ ಭಾವ, ನಂಬರ್‌ಗಳು ಇನ್ನೂ ಸರಿಯಾಗಿಲ್ಲ. ಮೂರು, ಆರು, ಎಂಟು ಎಲ್ಲಾ ಒಂದೇ ಥರ ಕಾಣುತ್ತೆ. ಇವತ್ತೇ ಕೂತು ತಿದ್ದಿಬಿಡ್ತೀನಿ.

ಭಾವ: ತಿದ್ದಿದ್ರೆ ನಿಮ್ಮಕ್ಕನ ಮೇಲಾಣೆ!